ಕಡಲು ಕೆಡವಿದ ಬಿಳಿಗಲ್ಲು

ಇಂಗ್ಲೆಂಡಿನ ಸಸೆಕ್ಸ್ ಕರಾವಳಿಯಲ್ಲಿ ಚಳಿಗಾಲದ ಬಿರುಗಾಳಿ ಅಡಗಿದ ಮರುದಿನ, ಕಡಲು ಹಿಂದೆ ಸರಿಯುವ ಹೊತ್ತು ನೋಡಿಕೊಂಡು ತಲೆ ತಗ್ಗಿಸಿ ನಡೆಯುವ ಕೆಲವರು ಕಣ್ಣಿಗೆ ಬೀಳುತ್ತಾರೆ. ಹೆಗಲಿಗೊಂದು ಚೀಲ, ಜೇಬಿನಲ್ಲೊಂದು ಭೂತಗನ್ನಡಿ, ಸಿಕ್ಕಿದ್ದನ್ನು ಸುತ್ತಿಡಲು ಹಳೆಯ ದಿನಪತ್ರಿಕೆಯ ಹಾಳೆಗಳು. ಪಕ್ಕದಲ್ಲೇ ನೂರಾರು ಅಡಿ ಎತ್ತರದ ಬಿಳಿ ಗೋಡೆ ನಿಂತಿರುತ್ತದೆ. ಅದರ ಹತ್ತಿರ ಅವರು ಸುಳಿಯುವುದಿಲ್ಲ. ರಾತ್ರಿಯ ಅಲೆಗಳು ಗೋಡೆಯಿಂದ ಕೆಡವಿ, ಉರುಳಿಸಿ, ದೂರಕ್ಕೆ ತಂದು ಹಾಕಿದ ತುಂಡುಗಳ ಮೇಲಷ್ಟೇ ಅವರ ಕಣ್ಣು. ಅವರು ಹುಡುಕುತ್ತಿರುವುದು ಚಾಕ್ ಶಿಲೆಯನ್ನು, ಅದರೊಳಗೆ ಅಡಗಿರುವ ಜೀವಿಗಳ ಪಳೆಯುಳಿಕೆಗಳನ್ನು.

ಕಲ್ಲು ಸಂಗ್ರಹಿಸುವವರ ಲೋಕದಲ್ಲಿ ಚಾಕಿಗೆ ಹೇಳಿಕೊಳ್ಳುವಂಥ ಹೆಸರಿಲ್ಲ. ಅಮೆಥಿಸ್ಟಿನ ಬಣ್ಣ ಅದಕ್ಕಿಲ್ಲ, ಅಗೇಟಿನ ಗೆರೆಗಳಿಲ್ಲ, ಮಾರಲು ಹೋದರೆ ಕಾಸು ಹುಟ್ಟುವುದಿಲ್ಲ. ಆದರೂ ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಮೊದಲು ಹೇಳುವುದು ಚಾಕಿನ ಹೆಸರನ್ನೇ. ಎಲ್ಲಿಂದ ಎತ್ತಿದ್ದು, ಯಾರನ್ನು ಕೇಳಿ ಎತ್ತಿದ್ದು ಎಂಬ ಎರಡು ಪ್ರಶ್ನೆಗಳನ್ನು ಇದರಷ್ಟು ಖಡಕ್ಕಾಗಿ ಕೇಳುವ ಕಲ್ಲು ಇನ್ನೊಂದಿಲ್ಲ. ಉತ್ತರ ಇಲ್ಲದಿದ್ದರೆ ಕೈಯಲ್ಲಿರುವುದು ಬರೀ ಬಿಳಿ ಹೆಂಟೆ. ಉತ್ತರ ಇದ್ದರೆ ಅದೇ ಹೆಂಟೆ ಭೂಮಿಯ ಚರಿತ್ರೆಗೆ ಸಾಕ್ಷಿ.

ಚಾಕ್ ಎಂದರೆ ಸುಣ್ಣದ ಕಲ್ಲಿನದೇ ಒಂದು ಬಗೆ. ತೀರಾ ಮೆತ್ತಗಿನದು, ತೀರಾ ನುಣುಪಿನದು. ಮುಟ್ಟಿದರೆ ಸಾಕು, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಒರಗಿದವರ ಅಂಗಿಯಂತೆ ಕೈಯೆಲ್ಲ ಬಿಳಿಯಾಗುತ್ತದೆ. ಆ ಬಿಳಿ ಪುಡಿಯ ಬಹುಪಾಲು ಒಂದು ಕಾಲದಲ್ಲಿ ಜೀವಿಗಳ ಮೈಮೇಲಿನ ಕವಚವಾಗಿತ್ತು. ಕಾಕೊಲಿಥೊಫೋರ್ ಎಂಬ ಏಕಕೋಶದ ಪಾಚಿ ಸಮುದ್ರದ ಮೇಲ್ಪದರದಲ್ಲಿ ತೇಲುತ್ತ ತನ್ನ ಸುತ್ತ ಸುಣ್ಣದ ಪುಟ್ಟ ಬಿಲ್ಲೆಗಳನ್ನು ಕಟ್ಟಿಕೊಳ್ಳುತ್ತದೆ. ಒಂದೊಂದು ಬಿಲ್ಲೆಯ ಅಗಲ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು. ಪಾಚಿ ಸತ್ತಾಗ, ಅಥವಾ ಸಣ್ಣ ಜಲಚರಗಳು ಅದನ್ನು ತಿಂದು ವಿಸರ್ಜಿಸಿದಾಗ, ಬಿಲ್ಲೆಗಳು ತಳಕ್ಕೆ ಇಳಿಯುತ್ತವೆ. ಕ್ರಿಟೇಶಿಯಸ್ ಯುಗದ ಉತ್ತರಾರ್ಧದಲ್ಲಿ, ಅಂದರೆ ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ, ಸಮುದ್ರಮಟ್ಟ ಇಂದಿಗಿಂತ ಬಹಳ ಮೇಲಿತ್ತು. ಇಂದಿನ ಇಂಗ್ಲೆಂಡ್, ಉತ್ತರ ಫ್ರಾನ್ಸ್, ಡೆನ್ಮಾರ್ಕ್, ಉತ್ತರ ಜರ್ಮನಿಯ ದೊಡ್ಡ ಭಾಗವೆಲ್ಲ ನೀರಿನಡಿ. ಹತ್ತಿರದಲ್ಲಿ ಎತ್ತರದ ನೆಲವಿಲ್ಲದ ಕಾರಣ ನದಿಗಳು ಮಣ್ಣು ಮರಳು ತಂದು ಬೆರೆಸಲಿಲ್ಲ. ಚಾಕ್ ಅಷ್ಟು ಬೆಳ್ಳಗಿರುವುದಕ್ಕೆ ಕಾರಣ ಇದೇ. ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಷ್ಟು ಕೆಸರು ಕೂತಿತು ಎಂದರೆ ಕೈಯಲ್ಲಿ ಹಿಡಿದ ಒಂದು ಗೇಣು ದಪ್ಪದ ತುಂಡಿನಲ್ಲಿ ಹತ್ತು ಸಾವಿರ ವರ್ಷಕ್ಕೂ ಹೆಚ್ಚಿನ ಕಾಲ ಮಡಚಿಕೊಂಡಿದೆ.

ಚಾಕ್ ಜೀವಿಗಳ ಕವಚದಿಂದ ಆದದ್ದೆಂದು ತಿಳಿದ ಬಗೆಯೂ ಸ್ವಾರಸ್ಯದ್ದೇ. 1836ರಲ್ಲಿ ಜರ್ಮನಿಯ ವಿಜ್ಞಾನಿ ಎಹ್ರೆನ್‌ಬರ್ಗ್ ರ್ಯೂಗೆನ್ ದ್ವೀಪದ ಚಾಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ಪುಟ್ಟ ಬಿಲ್ಲೆಗಳನ್ನು ಕಂಡರು. ಅವು ಜೀವಿಗಳವು ಎಂದು ಅವರಿಗೆ ಅನಿಸಲಿಲ್ಲ. 1857ರಲ್ಲಿ ಅಟ್ಲಾಂಟಿಕ್ ಸಾಗರದಡಿ ಟೆಲಿಗ್ರಾಫ್ ತಂತಿ ಹಾಸುವುದಕ್ಕಾಗಿ ಆಳ ಅಳೆಯಲು ಹೊರಟ ಸೈಕ್ಲಾಪ್ಸ್ ಹಡಗು ತಳದ ಕೆಸರನ್ನು ಮೇಲೆತ್ತಿತು. ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಆ ಕೆಸರಿನಲ್ಲೂ ಅಂಥವೇ ಬಿಲ್ಲೆಗಳನ್ನು ಕಂಡು ಕಾಕೊಲಿಥ್ ಎಂದು ಹೆಸರಿಟ್ಟರು. ಕೆಲವು ವರ್ಷಗಳಲ್ಲಿ ಭೂವಿಜ್ಞಾನಿ ಹೆನ್ರಿ ಸಾರ್ಬಿ ಚಾಕಿನ ಬಿಲ್ಲೆಗಳೂ ಸಾಗರದ ಬಿಲ್ಲೆಗಳೂ ಒಂದೇ ಬಗೆಯ ಜೀವಿಗಳವು ಎಂದು ತೋರಿಸಿದರು. 1868ರಲ್ಲಿ ಹಕ್ಸ್‌ಲಿ ನಾರಿಚ್ ಪಟ್ಟಣದ ಕಾರ್ಮಿಕರ ಮುಂದೆ ನಿಂತು ಒಂದು ಚೂರು ಚಾಕನ್ನೇ ವಿಷಯವಾಗಿಸಿಕೊಂಡು ಉಪನ್ಯಾಸ ಕೊಟ್ಟರು. ಕೇಳುಗರ ಕಾಲಡಿಯ ನೆಲವೇ ಚಾಕ್ ಆಗಿದ್ದ ಊರು ಅದು. ಜನಸಾಮಾನ್ಯರಿಗೆ ವಿಜ್ಞಾನ ಹೇಳುವುದು ಹೇಗೆ ಎಂಬುದಕ್ಕೆ ಆ ಉಪನ್ಯಾಸವನ್ನು ಇಂದಿಗೂ ಮಾದರಿಯಾಗಿ ಓದುತ್ತಾರೆ.

ಕರ್ನಾಟಕದಲ್ಲಿ ಇಂಥ ಚಾಕ್ ಇಲ್ಲ. ನಮ್ಮ ಬಹುಪಾಲು ಶಿಲೆ ಇದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಆದರೆ ಕಾಲದ ನಂಟೊಂದು ಇದೆ. ಸಸೆಕ್ಸಿನ ಸೆವೆನ್ ಸಿಸ್ಟರ್ಸ್ ಎಂಬ ಪ್ರಪಾತಗಳ ಸಾಲಿನ ಚಾಕ್ ಕಡಲತಳದಲ್ಲಿ ಕೂರುತ್ತಿದ್ದ ಆಸುಪಾಸಿನಲ್ಲೇ, ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳಾದ ಲಾವಾ ಉಕ್ಕಿತು. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲ ಅದು. ಡೆನ್ಮಾರ್ಕಿನ ಸ್ಟೀವನ್ಸ್ ಕ್ಲಿಂಟ್‌ನಲ್ಲಿ ಕ್ರಿಟೇಶಿಯಸ್ ಚಾಕಿನ ಕೊನೆಯ ಪದರಗಳು ಕೂರುವಾಗ ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕರಿಕಲ್ಲು ಬೆಂಕಿಯ ಹೊಳೆಯಾಗಿ ದಖ್ಖನ್ನಿನ ಮೇಲೆ ಹರಡುತ್ತಿತ್ತು.

ಇನ್ನು ಗುರುತಿಸುವ ಮಾತು. ನಮ್ಮ ಶಾಲೆಗಳ ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣದ ಕಡ್ಡಿ ಹೆಚ್ಚಾಗಿ ಜಿಪ್ಸಂನಿಂದ ಮಾಡಿದ್ದು. ಸ್ಲೇಟಿನ ಮೇಲೆ ಬರೆಯುವ ಬಳಪ ಬೇರೆಯೇ ಜಾತಿಯ ಮೆದುಗಲ್ಲು. ಇವೆರಡರ ಜೊತೆ ನಿಜವಾದ ಚಾಕಿನ ಒಂದು ಚೂರನ್ನು ಇಟ್ಟು ಮೂರರ ಮೇಲೂ ಒಂದೊಂದು ಹನಿ ವಿನೆಗರ್ ಹಾಕಿ ನೋಡಿ. ಜಿಪ್ಸಂ ಕಡ್ಡಿ ಹನಿಯನ್ನು ಹೀರಿಕೊಂಡು ಸುಮ್ಮನಾಗುತ್ತದೆ. ಬಳಪದ ಮೇಲೆ ಹನಿ ಹಾಗೇ ಕೂರುತ್ತದೆ. ಚಾಕಿನ ಮೇಲೆ ಮಾತ್ರ ತಕ್ಷಣ ಸಣ್ಣ ಗುಳ್ಳೆಗಳು ಎದ್ದು, ಕಿವಿ ಹತ್ತಿರ ಹಿಡಿದರೆ ಚುರುಚುರು ಎನ್ನುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲಕ್ಕೆ ಸಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಬಿಡುವ ಸದ್ದು ಅದು. ಅಮೃತಶಿಲೆಯೂ ಗಟ್ಟಿ ಸುಣ್ಣದ ಕಲ್ಲೂ ಆಮ್ಲಕ್ಕೆ ಹೀಗೇ ನೊರೆಯುತ್ತವೆ ನಿಜ, ಆದರೆ ಅವು ಉಗುರಿಗೆ ಬಗ್ಗುವುದಿಲ್ಲ. ಚಾಕನ್ನು ಉಗುರಿನಿಂದ ಕೆರೆಯಬಹುದು; ಅದರ ಕಣಗಳನ್ನು ಹಿಡಿದಿಡುವ ಬೆಸುಗೆ ಅಷ್ಟು ಸಡಿಲ. ಬಿಳಿ ಜೇಡಿಯೂ ಡಯಾಟಮೈಟ್ ಎಂಬ ಬಿಳಿಕಲ್ಲೂ ಕಣ್ಣಿಗೆ ಚಾಕಿನಂತೆಯೇ ಕಾಣುತ್ತವೆ, ವಿನೆಗರಿಗೆ ಮಾತ್ರ ಮಿಸುಕುವುದಿಲ್ಲ. ಮನೆಯಲ್ಲಿ ವಿನೆಗರ್ ಇಲ್ಲದಿದ್ದರೆ ನಿಂಬೆರಸ ಆದೀತು.

ಹವ್ಯಾಸಿಗಳನ್ನು ಚಾಕಿನ ಕಡೆ ಸೆಳೆಯುವುದು ಅದರೊಳಗಿನ ಸಂಪತ್ತು. ಬಿಳಿ ಗೋಡೆಯಲ್ಲಿ ಅಡ್ಡಡ್ಡ ಸಾಲಾಗಿ ಕಾಣುವ ಕಪ್ಪು ಉಂಡೆಗಳು ಚಕಮಕಿ ಕಲ್ಲು. ಸ್ಪಂಜುಗಳ ಮೈಯಲ್ಲಿದ್ದ ಸಿಲಿಕಾ ಕರಗಿ, ಕಡಲತಳದ ಜೀವಿಗಳು ಕೊರೆದ ಬಿಲಗಳ ಸುತ್ತ ಮತ್ತೆ ಗಟ್ಟಿಯಾಗಿ ಆದದ್ದು ಅದು. ಉಂಡೆಗಳ ಆಕಾರ ಬೆರಳು, ಕೊಂಬೆ, ಗಂಟುಗಳಂತೆ ವಿಚಿತ್ರವಾಗಿರುವುದು ಅದಕ್ಕೇ. ಪೋರೊಸ್ಫೇರಾ ಎಂಬ ಸ್ಪಂಜಿನ ಗುಂಡು ಪಳೆಯುಳಿಕೆಗಳು ಬಟಾಣಿ ಗಾತ್ರದವು. ಕೆಲವಕ್ಕೆ ತಾನಾಗಿ ತೂತು ಬಿದ್ದಿದ್ದು, ನೇರವಾಗಿ ದಾರಕ್ಕೆ ಪೋಣಿಸಬಹುದು. ತುಕ್ಕು ಹಿಡಿದ ಭಾರವಾದ ಉಂಡೆ ಸಿಕ್ಕಿ, ಒಡೆದಾಗ ಹಿತ್ತಾಳೆಯ ಬಣ್ಣದ ಕಿರಣಗಳು ಕಂಡರೆ ಉಲ್ಕೆ ಸಿಕ್ಕಿತೆಂದು ಹಿಗ್ಗುವವರಿದ್ದಾರೆ. ಅದು ಮಾರ್ಕಸೈಟ್, ಕಬ್ಬಿಣದ ಸಲ್ಫೈಡ್. ಬ್ರೈಟನ್ನಿನಿಂದ ಸ್ವಲ್ಪ ಪೂರ್ವಕ್ಕಿರುವ ಪೀಸ್‌ಹೇವನ್ ಬಳಿ ಅಲೆಗಳು ಸವೆಸಿದ ಬಂಡೆಹಾಸಿನಲ್ಲಿ ದೊಡ್ಡ ಗಾತ್ರದ ಅಮೊನೈಟುಗಳ, ಅಂದರೆ ಅಳಿದುಹೋದ ಚಿಪ್ಪುಜೀವಿಗಳ, ಸುರುಳಿಗಳು ಹುದುಗಿವೆ. ಅವನ್ನು ನೋಡಿ ಬರಬೇಕು, ಅಲ್ಲೇ ಬಿಟ್ಟು ಬರಬೇಕು.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಮೈಕ್ರಾಸ್ಟರ್, ಸೀ ಅರ್ಚಿನ್ ಎಂಬ ಕಡಲಜೀವಿಯ ಹೃದಯದಾಕಾರದ ಬಗೆ. ಒಡೆಯರ ಅನುಮತಿ ಪಡೆದು ಒಂದು ತಂಡದ ಜೊತೆ ಕಲ್ಲುಗಣಿಯೊಂದಕ್ಕೆ ಹೋದಾಗ ಕೆಳಗೆ ಬಿದ್ದ ರಾಶಿಯಲ್ಲಿ ಸಿಕ್ಕ ಮುಷ್ಟಿಗಾತ್ರದ ಹೆಂಟೆ ಅದು. ಒಂದು ಮಗ್ಗುಲಲ್ಲಿ ಮಾತ್ರ ಉಳಿದ ಬಿಳಿಗಿಂತ ಕೊಂಚ ಬೂದು ಬಣ್ಣದ ಉಬ್ಬು. ಮನೆಗೆ ತಂದು ಬಿದಿರುಕಡ್ಡಿಯ ತುದಿಯಿಂದ ಸುತ್ತಲಿನ ಚಾಕನ್ನು ಕೆರೆಯುತ್ತ ಹೋದಂತೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿ ಕೊಡವುತ್ತ ಹೋದಂತೆ, ಐದು ಎಸಳುಗಳ ಹೂವು ಮೇಲೆ ಬಂತು. ಎಸಳುಗಳ ಅಂಚಿಗೆ ಎರಡು ಸಾಲು ಸೂಜಿಮೊನೆಯ ರಂಧ್ರಗಳು. ಜೀವಿ ಉಸಿರಾಡುತ್ತಿದ್ದದ್ದು ಅವುಗಳ ಮೂಲಕ. ಚಿಪ್ಪು ಎಲ್ಲಿ ಮುರಿದಿತ್ತೋ ಅಲ್ಲಿ ಕ್ಯಾಲ್ಸೈಟಿನ ನುಣುಪು ಮುಖ ಬೆಳಕಿಗೆ ಮಿನುಗುತ್ತಿತ್ತು. ಕಡ್ಡಿ ಚಿಪ್ಪಿಗೆ ತಾಗಿದಾಗಿನ ಗಟ್ಟಿತನವೂ ಚಾಕಿಗೆ ತಾಗಿದಾಗಿನ ಮೆದುತನವೂ ಬೆರಳಿಗೇ ಗೊತ್ತಾಗುತ್ತಿತ್ತು. ಉಳಿ, ಸುತ್ತಿಗೆ ಯಾವುದೂ ಬೇಕಾಗಲಿಲ್ಲ.

ಇದೇ ಮೈಕ್ರಾಸ್ಟರ್‌ನಿಂದ ದೊಡ್ಡ ಕೆಲಸ ಮಾಡಿದವರು ಆರ್ಥರ್ ರೋವ್. ಅವರು ಮಾರ್ಗೇಟ್ ಪಟ್ಟಣದ ವೈದ್ಯರು, ಭೂವಿಜ್ಞಾನ ಅವರ ಹವ್ಯಾಸ. ಪ್ರತಿ ಪಳೆಯುಳಿಕೆಯನ್ನೂ ಚಾಕಿನ ಯಾವ ಪದರದಿಂದ ತೆಗೆದದ್ದೆಂದು ಕಟ್ಟುನಿಟ್ಟಾಗಿ ಗುರುತಿಸಿಟ್ಟುಕೊಳ್ಳುತ್ತ ಬಂದ ಅವರು 1899ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೆಳಗಿನ ಪದರದಿಂದ ಮೇಲಿನ ಪದರಕ್ಕೆ ಬರುತ್ತ ಈ ಜೀವಿಯ ಚಿಪ್ಪಿನ ಆಕಾರ, ಬಾಯಿಯ ಜಾಗ, ಎಸಳುಗಳ ರಚನೆ ಹಂತಹಂತವಾಗಿ ಬದಲಾದದ್ದನ್ನು ತೋರಿಸಿದರು. ಜೀವವಿಕಾಸಕ್ಕೆ ಕಲ್ಲಿನಲ್ಲೇ ಸಿಕ್ಕ ಹೆಸರುವಾಸಿ ಪುರಾವೆಗಳಲ್ಲಿ ಇದೂ ಒಂದು. ಅದೇ ಚಿಪ್ಪುಗಳನ್ನು ಚೀಲಕ್ಕೆ ತುಂಬಿ ತಂದು ಕಪಾಟಿನಲ್ಲಿ ಚೆಂದಕ್ಕೆ ಜೋಡಿಸಿದ್ದರೆ ಈ ವಿಷಯ ಹೊರಬರುತ್ತಲೇ ಇರಲಿಲ್ಲ.

ಈಗ ಕಾನೂನು. ಪಳೆಯುಳಿಕೆಗಳೆಲ್ಲ ಸರ್ಕಾರದ್ದು ಎನ್ನುವ ಒಂದೇ ಶಾಸನ ಇಂಗ್ಲೆಂಡಿನಲ್ಲಿ ಇಲ್ಲ. ನೆಲ ಯಾರದೋ ಕಲ್ಲು ಅವರದು, ಇದು ಮೂಲಸೂತ್ರ. ಹೊಲದ ನಡುವೆ ಸಾರ್ವಜನಿಕರ ಕಾಲುದಾರಿ ಹಾದುಹೋಗಿದ್ದರೆ ನಡೆಯುವ ಹಕ್ಕು ಮಾತ್ರ ನಮ್ಮದು. ದಾರಿಬದಿಯ ಚಕಮಕಿ ಕಲ್ಲು ರೈತನದೇ. ಕಡಲತೀರ ಎಲ್ಲರದ್ದಲ್ಲವೇ ಎಂದು ಕೇಳುವವರುಂಟು. ಅಲ್ಲ. ಉಬ್ಬರ ಇಳಿತಗಳ ನಡುವಿನ ನೆಲದಲ್ಲಿ ಸುಮಾರು ಅರ್ಧದಷ್ಟು, ರಾಜಮನೆತನದ ಹೆಸರಿನ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಕೈಯಲ್ಲಿದೆ. ಉಳಿದದ್ದು ಸ್ಥಳೀಯ ಆಡಳಿತ, ಟ್ರಸ್ಟು, ಖಾಸಗಿಯವರ ನಡುವೆ ಹಂಚಿಹೋಗಿದೆ. ಇದರ ಮೇಲೆ 1949ರ ಕರಾವಳಿ ರಕ್ಷಣಾ ಕಾಯ್ದೆ ಇದೆ. ಸ್ಥಳೀಯ ಆಡಳಿತ ಆದೇಶ ಹೊರಡಿಸಿರುವ ಕಡೆ ದಂಡೆಯಿಂದ ಕಲ್ಲು ಮರಳು ಸಾಗಿಸುವುದು ಅಪರಾಧ. ಅಲೆಯ ಹೊಡೆತವನ್ನು ಮೊದಲು ತಡೆಯುವುದು ಆ ಕಲ್ಲುಗಳ ರಾಶಿಯೇ. ಫ್ರಾನ್ಸಿನ ನಾರ್ಮಂಡಿಯ ಎಟ್ರೆಟಾ ಪಟ್ಟಣದಲ್ಲಿ ದಂಡೆಯ ನುಣುಪುಗಲ್ಲನ್ನು ಎತ್ತಿಕೊಂಡು ಹೋಗುವವರಿಗೆ ದಂಡ ಹಾಕುವುದೂ ಇದೇ ಕಾರಣಕ್ಕೆ.

ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ಘೋಷಿಸಿದ ಜಾಗಗಳದು ಇನ್ನೂ ಬಿಗಿ. ಸೀಫರ್ಡ್‌ನಿಂದ ಬೀಚಿ ಹೆಡ್‌ವರೆಗಿನ ಕರಾವಳಿ, ಅಂದರೆ ಸೆವೆನ್ ಸಿಸ್ಟರ್ಸ್ ಪೂರ್ತಿ, ಈ ಪಟ್ಟಿಯಲ್ಲಿದೆ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಅಲ್ಲಿ ತಿಳಿದೂ ತಿಳಿದೂ ಹಾನಿ ಮಾಡುವುದು ಶಿಕ್ಷಾರ್ಹ. ಗೋಡೆಗೆ ಸುತ್ತಿಗೆ ಹೊಡೆಯುವುದನ್ನು ಕನಸಿನಲ್ಲೂ ನೆನೆಯಬಾರದು. ಪ್ರವಾಸಿಗರು ಮೆಟ್ಟಿಲಿಳಿದು ದಂಡೆಗೆ ಹೋಗುವ ಬರ್ಲಿಂಗ್ ಗ್ಯಾಪ್, ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್‌ನ ಆಸ್ತಿ. ಅಪ್ಪಣೆಯಿಲ್ಲದೆ ಅದರ ಜಾಗದಿಂದ ಏನನ್ನೂ ಅಗೆಯುವಂತಿಲ್ಲ, ಒಯ್ಯುವಂತಿಲ್ಲ ಎಂದು ಟ್ರಸ್ಟಿನ ಉಪನಿಯಮ ಹೇಳುತ್ತದೆ. ಲಂಡನ್ನಿನಿಂದ ಈಸ್ಟ್‌ಬರ್ನ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿಯಾದ್ದರಿಂದ ಅಲ್ಲಿ ನೆಲೆಸಿದ ಕನ್ನಡಿಗರೂ ಮಕ್ಕಳ ನೋಡಲು ಹೋದ ಅಪ್ಪ ಅಮ್ಮಂದಿರೂ ಈ ಜಾಗಕ್ಕೆ ಹೋಗಿ ಬರುವುದುಂಟು. ಅಲ್ಲಿ ಫೋಟೋ ತೆಗೆಯಿರಿ, ಭೂತಗನ್ನಡಿ ಹಿಡಿದು ಮಂಡಿಯೂರಿ ನೋಡಿ. ನೆನಪಿಗೊಂದು ಚೂರು ಬೇಕೆನಿಸಿದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಬೇಡ ಎಂದರೆ ಬೇಡ.

ಹಾಗಾದರೆ ಎತ್ತುವುದೆಲ್ಲಿ? ದಕ್ಷಿಣ ಇಂಗ್ಲೆಂಡಿನ ಒಳನಾಡಿನಲ್ಲಿ ಸುಣ್ಣಕ್ಕಾಗಿ, ಸಿಮೆಂಟಿಗಾಗಿ, ಹೊಲಕ್ಕೆ ಹಾಕಲಿಕ್ಕಾಗಿ ತೋಡಿದ ಹಳೆಯ ಚಾಕ್ ಗುಂಡಿಗಳು ಲೆಕ್ಕವಿಲ್ಲದಷ್ಟಿವೆ. ಒಡೆಯರಿಗೆ ಒಂದು ಪತ್ರ ಬರೆಯಬೇಕು. ಯಾರು, ಯಾವ ದಿನ, ಎಷ್ಟು ಜನ, ಬಿದ್ದ ಕಲ್ಲನ್ನು ಮಾತ್ರ ಎತ್ತುತ್ತೇವೆ, ಮಾರುವುದಿಲ್ಲ, ಸಿಕ್ಕಿದ್ದೇನೆಂದು ತಿಳಿಸುತ್ತೇವೆ. ಇಷ್ಟಿದ್ದರೆ ಸಾಕು. ಒಬ್ಬರೇ ಕೇಳುವುದಕ್ಕಿಂತ ಸಂಘದ ಮೂಲಕ ಹೋಗುವುದು ಮೇಲು. 1858ರಿಂದ ನಡೆದುಬಂದಿರುವ ಜಿಯಾಲಜಿಸ್ಟ್ಸ್ ಅಸೋಸಿಯೇಷನ್‌ನಂಥ ಸಂಘಗಳು ಹವ್ಯಾಸಿಗಳನ್ನು ಕ್ಷೇತ್ರ ಪ್ರವಾಸಗಳಿಗೆ ಕರೆದೊಯ್ಯುತ್ತವೆ. ಉಳುಮೆಯಾದ ಹೊಲದಲ್ಲಿ ಚಕಮಕಿಯಾಗಿ ಮಾರ್ಪಟ್ಟ ಸೀ ಅರ್ಚಿನ್‌ಗಳು ನೇಗಿಲಿಗೆ ಎದ್ದು ಬರುತ್ತವೆ. ರೈತರನ್ನು ಕೇಳಿದರೆ ಬಿತ್ತನೆಗೆ ಮುಂಚೆ ಅಡ್ಡಾಡಲು ಬಿಡುವವರಿದ್ದಾರೆ.

ಈ ವಿಷಯದಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಡೆನ್ಮಾರ್ಕಿನ ವ್ಯವಸ್ಥೆ. ಮ್ಯೋನ್ ದ್ವೀಪದ ಚಾಕ್ ಪ್ರಪಾತದ ಕೆಳಗೆ ಬಿದ್ದ ಪಳೆಯುಳಿಕೆಯನ್ನು ಯಾರು ಬೇಕಾದರೂ ಆಯ್ದುಕೊಳ್ಳಬಹುದು, ಗೋಡೆಯನ್ನು ಕೆತ್ತುವಂತಿಲ್ಲ. ದಡದ ಮೇಲಿನ ಜಿಯೋಸೆಂಟರ್‌ನಲ್ಲಿ ಸಿಕ್ಕಿದ್ದನ್ನು ತೋರಿಸಿ ಏನೆಂದು ತಿಳಿದುಕೊಳ್ಳಬಹುದು. ತುಂಬ ಅಪರೂಪದ್ದು ಸಿಕ್ಕಿದರೆ ಮಾತ್ರ ಅದು ದೇಶದ ಸ್ವತ್ತು. ಅದನ್ನು ಡಾನೆಕ್ರೇ ಎನ್ನುತ್ತಾರೆ; 1990ರಿಂದ ಈ ನಿಯಮ ಜಾರಿಯಲ್ಲಿದೆ. ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದವರಿಗೆ ಬಹುಮಾನದ ಹಣ ಬರುತ್ತದೆ. ಸ್ಟೀವನ್ಸ್ ಕ್ಲಿಂಟ್‌ನಲ್ಲಿ ಸ್ಥಳೀಯ ಹವ್ಯಾಸಿಯೊಬ್ಬರು ಚಾಕ್ ತುಂಡೊಂದನ್ನು ಒಡೆದಾಗ ಕಡಲ ಲಿಲ್ಲಿ ಎಂಬ ಪ್ರಾಣಿಗಳ ಚೂರುಗಳ ಒಂದು ಮುದ್ದೆ ಕಂಡಿತು. ಯಾವುದೋ ಮೀನು ನುಂಗಿ, ಅರಗದೆ ಹೊರಹಾಕಿದ 6.6 ಕೋಟಿ ವರ್ಷ ಹಳೆಯ ವಾಂತಿ ಅದೆಂದು 2025ರ ಆರಂಭದಲ್ಲಿ ಸುದ್ದಿಯಾಯಿತು. ಅವರು ಅದನ್ನು ಬಚ್ಚಿಡದೆ ತಜ್ಞರಿಗೆ ತೋರಿಸಿದ್ದರಿಂದ ಅದು ಡಾನೆಕ್ರೇ ಆಯಿತು, ಆ ಕಾಲದ ಕಡಲಲ್ಲಿ ಯಾರು ಯಾರನ್ನು ತಿನ್ನುತ್ತಿದ್ದರೆಂದು ತಿಳಿಯಿತು. ಹವ್ಯಾಸಿಯನ್ನು ಕಳ್ಳನಂತೆ ಕಾಣದೆ ಜೊತೆಗಾರನಂತೆ ಕಾಣುವ ಕಾನೂನು ಇದು.

ಅಮೆರಿಕದ ಕ್ಯಾನ್ಸಸ್‌ನಲ್ಲೂ ಹುಲ್ಲುಗಾವಲಿನ ನಡುವೆ ಚಾಕ್ ಕಂಬಗಳು ನಿಂತಿವೆ. 1968ರಲ್ಲಿ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತೆಂದು ಘೋಷಿಸಿದ ಮಾನ್ಯುಮೆಂಟ್ ರಾಕ್ಸ್ ಖಾಸಗಿ ಜಮೀನಿನಲ್ಲಿದೆ. ನೋಡಲು ಒಡೆಯರು ಬಿಡುತ್ತಾರೆ, ಒಂದು ಚೂರನ್ನೂ ಎತ್ತಲು ಬಿಡುವುದಿಲ್ಲ.

ಕಾನೂನಿಗಿಂತ ಮುಂಚೆ ಜೀವ. ಚಾಕ್ ಗೋಡೆ ಮುನ್ಸೂಚನೆ ಕೊಟ್ಟು ಬೀಳುವುದಿಲ್ಲ. ಅದರ ಒಡಲಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬರೀ ರಂಧ್ರ. ಮಳೆನೀರು ಕುಡಿದು ಭಾರವಾಗುತ್ತದೆ, ಹಿಮಗಟ್ಟಿದರೆ ಒಳಗಿನ ನೀರು ಹಿಗ್ಗಿ ಸೀಳುತ್ತದೆ. ಬೀಚಿ ಹೆಡ್ ಪ್ರಪಾತದ ಎತ್ತರ 162 ಮೀಟರ್. 1999ರ ಜನವರಿಯಲ್ಲಿ ಅದರ ಒಂದು ಭಾರಿ ಭಾಗವೇ ಕಡಲಿಗೆ ಕುಸಿಯಿತು. ಸಾವಿರಾರು ವರ್ಷ ವರ್ಷಕ್ಕೆ 2ರಿಂದ 6 ಸೆಂಟಿಮೀಟರ್ ಹಿಂದೆ ಸರಿಯುತ್ತಿದ್ದ ಈ ಕರಾವಳಿ ಕಳೆದ ನೂರೈವತ್ತು ವರ್ಷಗಳಲ್ಲಿ ವರ್ಷಕ್ಕೆ 22ರಿಂದ 32 ಸೆಂಟಿಮೀಟರ್ ಸರಿಯುತ್ತಿದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಗೋಡೆಯ ಬುಡದಲ್ಲಿ ಕೂತು ಬುತ್ತಿ ಬಿಚ್ಚುವ ಕುಟುಂಬಗಳನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ಬುಡದಿಂದ ಬಹಳ ದೂರವಿರಬೇಕು. ಮೇಲಿನ ಅಂಚಿಗೂ ಹೋಗಬಾರದು, ಅಲ್ಲಿ ಹುಲ್ಲಿನಡಿ ನೆಲವೇ ಇಲ್ಲದಿರಬಹುದು. ಉಬ್ಬರ ಇಳಿತದ ವೇಳಾಪಟ್ಟಿ ನೋಡಿ, ಇಳಿಯುವ ನೀರಿನ ಹಿಂದೆಯೇ ಹೊರಟು, ಏರುವ ಮುಂಚೆಯೇ ಮೆಟ್ಟಿಲು ಸೇರಬೇಕು. ಕಕ್‌ಮಿಯರ್ ಹೇವನ್‌ನಿಂದ ಬರ್ಲಿಂಗ್ ಗ್ಯಾಪ್‌ವರೆಗೆ ನಡುವೆ ಮೇಲೇರುವ ದಾರಿಯಿಲ್ಲ. ನೀರು ಏರಿದರೆ ಹಿಂದೆ ಗೋಡೆ, ಮುಂದೆ ಕಡಲು.

ಭಾರತದಲ್ಲಿ ಚಾಕ್ ಅಗೆಯುವ ಹೆಸರಾಂತ ಪ್ರದೇಶ ಗುಜರಾತಿನ ಪೋರಬಂದರ್ ಸುತ್ತಮುತ್ತ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳೆಂದು ಘೋಷಿಸಿದಾಗ ಚಾಕ್ ಕೂಡ ಆ ಪಟ್ಟಿಗೆ ಸೇರಿ ರಾಜ್ಯಗಳ ನಿಯಮಗಳಡಿ ಬಂತು. ಗುತ್ತಿಗೆ ಪಡೆದ ಗಣಿಯೊಳಗೆ ಹೋಗಲು ಗುತ್ತಿಗೆದಾರರ ಒಪ್ಪಿಗೆ ಬೇಕೇ ಬೇಕು. ಚಾಕಿನ ಕಾಲದ ಕಡಲಜೀವಿಗಳನ್ನು ನಮ್ಮ ನೆರೆಯಲ್ಲೇ ನೋಡಬೇಕೆಂದರೆ ತಮಿಳುನಾಡಿನ ಅರಿಯಲೂರು, ಕಾರೈ ಕಡೆಗೆ ಹೋಗಬೇಕು. 1860ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೊಲಿಚ್ಕಾ ಅಲ್ಲಿನ ಅಮೊನೈಟು, ಚಿಪ್ಪುಗಳನ್ನು ಸಂಪುಟಗಟ್ಟಲೆ ವಿವರಿಸಿದರು. ಆ ನೆಲದ ಕಾವಲಿಗೆ ಇಂದಿಗೂ ತಕ್ಕ ಕಾನೂನಿಲ್ಲ. ಭೂಪರಂಪರೆಯ ತಾಣಗಳ ರಕ್ಷಣೆಗೆಂದು 2022ರಲ್ಲಿ ಗಣಿ ಸಚಿವಾಲಯ ಕರಡು ಮಸೂದೆ ಪ್ರಕಟಿಸಿತು. ಅದು ಗಟ್ಟಿಯಾದ ಕಾಯ್ದೆಯಾಗಿ ಬರಬೇಕು, ಬರುವಾಗ ಡೆನ್ಮಾರ್ಕಿನಂತೆ ಹವ್ಯಾಸಿಗೂ ಒಂದು ಜಾಗ ಇಟ್ಟುಕೊಂಡು ಬರಬೇಕು ಎಂಬುದು ನನ್ನ ಆಸೆ. ಸೇಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದೋಣಿಯಲ್ಲಿ ಹೋದವರು ಅಲ್ಲಿನ ಕಲ್ಲಿನ ತುಂಡನ್ನು ಜೇಬಿಗೆ ಹಾಕಿಕೊಳ್ಳಬಾರದು.

ಸರಿಯಾದ ರೀತಿಯಲ್ಲಿ ಸಿಕ್ಕ ಚಾಕನ್ನು ಮನೆಗೆ ತಂದ ಮೇಲೆ ಮೊದಲ ಕೆಲಸ ಉಪ್ಪು ತೆಗೆಯುವುದು. ಕಡಲನೀರು ಒಳಗೆ ಇಳಿದಿರುತ್ತದೆ; ಹಾಗೇ ಒಣಗಿಸಿದರೆ ಉಪ್ಪು ಹರಳುಗಟ್ಟಿ ಕಲ್ಲು ಸಿಪ್ಪೆಸಿಪ್ಪೆಯಾಗಿ ಉದುರುತ್ತದೆ. ಸಿಹಿನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತ, ಕೆಲವು ದಿನ ಇಡಬೇಕು. ಆಮೇಲೆ ನೆರಳಲ್ಲೇ ನಿಧಾನವಾಗಿ ಆರಬೇಕು. ಕೊಳೆ ತೆಗೆಯಲೆಂದು ವಿನೆಗರ್ ಹಚ್ಚಲೇಬಾರದು, ಪಳೆಯುಳಿಕೆಯೇ ಕರಗಿಹೋಗುತ್ತದೆ. ಮಾರ್ಕಸೈಟ್ ಉಂಡೆಯನ್ನು ತೇವ ತಾಗದಂತೆ ಮುಚ್ಚಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ಅದು ತಾನೂ ಪುಡಿಯಾಗಿ ಅಕ್ಕಪಕ್ಕದ ಕಲ್ಲುಗಳನ್ನೂ ಆಮ್ಲದಿಂದ ಸುಡುತ್ತದೆ. ಪ್ರತಿಯೊಂದರ ಜೊತೆಗೂ ಒಂದು ಚೀಟಿ ಇರಲಿ: ಊರು, ನಕ್ಷೆಯ ಗುರುತು, ದಿನಾಂಕ, ಗೋಡೆಯ ಯಾವ ಮಟ್ಟದಿಂದ ಬಿದ್ದದ್ದೆಂಬ ಅಂದಾಜು, ಅನುಮತಿ ಕೊಟ್ಟವರು ಯಾರು. ಪೆನ್ಸಿಲಿನಲ್ಲಿ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ. ಅನುಮತಿ ಪತ್ರದ ಪ್ರತಿಯೂ ಅದೇ ಡಬ್ಬಿಯಲ್ಲಿರಲಿ. ಮುಂದೊಂದು ದಿನ ನಿಮ್ಮ ಮೈಕ್ರಾಸ್ಟರ್ ಅಪರೂಪದ್ದೆಂದು ಗೊತ್ತಾಗಿ ವಸ್ತುಸಂಗ್ರಹಾಲಯಕ್ಕೆ ಕೊಡಲು ಹೋದರೆ ಅವರು ಮೊದಲು ಕೇಳುವುದು ಆ ಚೀಟಿ ಮತ್ತು ಆ ಪತ್ರವನ್ನು.